ಸಮನ್ಸ್ ನಮ್ಮ ಮನೆಗೆ ಬರಬೇಕು, ನಾವು ಠಾಣೆಗಲ್ಲ

ಸಿವಿಲ್ ದಾವೆಯ ಸಮನ್ಸನ್ನು ನ್ಯಾಯಾಲಯದ ಅಮೀನರು ತರುತ್ತಾರೆ, ಇಲ್ಲವೇ ಅದು ಅಂಚೆಯಲ್ಲಿ ಬರುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಮಾತ್ರ ಆ ಕಾಗದ ಸಾಮಾನ್ಯವಾಗಿ ಪೊಲೀಸರ ಕೈಯಲ್ಲೇ ಬರುತ್ತದೆ. ಕರೆ ಬಂದಿರುವುದು ಆರೋಪಿಗೋ, ಅಪಘಾತವೊಂದನ್ನು ಕಣ್ಣಾರೆ ಕಂಡ ಸಾಕ್ಷಿಗೋ ಎಂಬ ವ್ಯತ್ಯಾಸ ಅಲ್ಲಿಲ್ಲ. ಬಾಗಿಲಲ್ಲಿ ಖಾಕಿ ಕಂಡ ನೆರೆಹೊರೆಯವರಿಗಂತೂ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆದರೂ ಪೊಲೀಸರು ಮನೆಗೆ ಬರುವುದರ ಬಗ್ಗೆ ನನ್ನ ತಕರಾರಿಲ್ಲ. ಅವರು ಬಾರದಿರುವುದೇ ನನ್ನ ತಕರಾರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಾಗಲಿ, ಅದಕ್ಕೂ ಹಿಂದಿನ 1973ರ ದಂಡ ಪ್ರಕ್ರಿಯಾ ಸಂಹಿತೆಯಾಗಲಿ ಹೇಳುವುದು ಬಹುತೇಕ ಒಂದೇ: ಸಾಧ್ಯವಿದ್ದಲ್ಲಿ ಸಮನ್ಸಿನ ಒಂದು ಪ್ರತಿಯನ್ನು ಆ ವ್ಯಕ್ತಿಯ ಕೈಗೇ ಕೊಟ್ಟು, ಇನ್ನೊಂದು ಪ್ರತಿಯ ಹಿಂಬದಿಯಲ್ಲಿ ಸಹಿ ಪಡೆಯಬೇಕು, ತಕ್ಕ ಪ್ರಯತ್ನ ಮಾಡಿಯೂ ವ್ಯಕ್ತಿ ಸಿಗದಿದ್ದರೆ ಮನೆಯ ವಯಸ್ಕರೊಬ್ಬರಿಗೆ ಕೊಡಬೇಕು, ಅದೂ ಆಗದಿದ್ದರೆ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬೇಕು. ನಡೆಯುವುದು ಹಲವು ಬಾರಿ ಬೇರೆ. ಠಾಣೆಯಿಂದ ಫೋನ್ ಬರುತ್ತದೆ, 'ನಿಮ್ಮ ಸಮನ್ಸ್ ಬಂದಿದೆ, ಬಂದು ತಗೊಂಡು ಹೋಗಿ' ಎನ್ನುತ್ತಾರೆ. ತಲುಪಿಸುವವನ ಕೆಲಸ ಪಡೆಯುವವನ ಹೆಗಲೇರುತ್ತದೆ. ಕೂಲಿ ಬಿಟ್ಟು ಠಾಣೆಗೆ ಹೋಗಲಾಗದವನ ಹೆಸರಿನ ಮುಂದೆ 'ವಿಳಾಸದಲ್ಲಿ ಸಿಗಲಿಲ್ಲ' ಎಂಬ ಷರಾ ಬಿದ್ದರೆ, ಅವನು ತಲೆಮರೆಸಿಕೊಂಡಿದ್ದಾನೆಂದು ನಂಬಿ ನ್ಯಾಯಾಲಯ ವಾರಂಟ್ ಹೊರಡಿಸಬಹುದು. ಅಷ್ಟು ಭಾರವಾದ ಷರಾವನ್ನು ಠಾಣೆಯ ಮೇಜಿನ ಮುಂದೆ ಕೂತು ಬರೆಯಬಾರದು. ಬಂದೋಬಸ್ತ್, ಗಸ್ತುಗಳ ನಡುವೆ ಕಟ್ಟುಗಟ್ಟಲೆ ಸಮನ್ಸ್ ಹೊರುವ ಪೇದೆಯ ಕಷ್ಟ ನನಗೂ ಅರ್ಥವಾಗುತ್ತದೆ. ಅದಕ್ಕೆ ಪರಿಹಾರ ಹೆಚ್ಚು ಸಿಬ್ಬಂದಿಯೇ ಹೊರತು ಫೋನ್ ಕರೆಯಲ್ಲ.

ಹೊಸ ಸಂಹಿತೆ ಒಂದು ಹಳೆಯ ಅವಮಾನವನ್ನು ಸರಿಪಡಿಸಿದೆ. ಹಿಂದಿನ ಕಾನೂನಿನಲ್ಲಿ ಮನೆಯ 'ವಯಸ್ಕ ಪುರುಷ'ನಿಗೆ ಮಾತ್ರ ಸಮನ್ಸ್ ಕೊಡಬಹುದಿತ್ತು, ಹೆಂಡತಿ ವಕೀಲೆಯಾಗಿದ್ದರೂ ಅವಳ ಸಹಿ ನಡೆಯುತ್ತಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ 1976ರ ತಿದ್ದುಪಡಿಯಲ್ಲೇ ಈ ಭೇದವನ್ನು ಕೈಬಿಟ್ಟಿತ್ತು. ಕ್ರಿಮಿನಲ್ ಕಾನೂನಿಗೆ ಅದೇ ಬುದ್ಧಿ ಬರಲು ಮತ್ತೆ ಅರ್ಧ ಶತಮಾನ ಹತ್ತಿರವಾಯಿತು.

ನನಗೆ ಆತಂಕವಿರುವುದು ಇನ್ನೊಂದು ಬದಲಾವಣೆಯ ಬಗ್ಗೆ. ನ್ಯಾಯಾಲಯದ ಮುದ್ರೆಯ ಚಿತ್ರವಿರುವ ಸಮನ್ಸನ್ನು ಈಗ ಎಲೆಕ್ಟ್ರಾನಿಕ್ ಮಾರ್ಗದಲ್ಲಿ, ರಾಜ್ಯ ಸರ್ಕಾರದ ನಿಯಮಗಳಿಗೆ ಒಳಪಟ್ಟು, ಕಳುಹಿಸಬಹುದು. ಹಾಗೆ ಕಳುಹಿಸಿದ್ದು ಸರಿಯಾಗಿ ಜಾರಿಯಾಗಿದೆ ಎಂದೇ ಪರಿಗಣಿಸಲಾಗುತ್ತದೆ. ಆದರೆ ಮೊಬೈಲಿನಲ್ಲಿ ಬರುವ ಮುದ್ರೆಯನ್ನು ನಂಬುವುದು ಹೇಗೆ? ಪೊಲೀಸರ ಸೋಗಿನಲ್ಲಿ ಕರೆ ಮಾಡಿ, ಬಂಧನದ ಭಯ ಹುಟ್ಟಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ವಂಚಕರು ಕಳುಹಿಸುವುದೂ ಅಂಥದೇ ಮುದ್ರೆಯ ಕಾಗದ. ನಕಲಿ ನ್ಯಾಯಾಲಯ ಆದೇಶಗಳನ್ನು ತೋರಿಸಿ ಹಿರಿಯ ದಂಪತಿಯನ್ನು ದೋಚಿದ ಹರಿಯಾಣದ ಅಂಬಾಲಾದ ಪ್ರಕರಣದ ಬಳಿಕ, 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು. ಅಪರಿಚಿತ ನಂಬರಿನಿಂದ ಬಂದ ಕಡತವನ್ನು ತೆರೆಯಬೇಡಿ ಎಂದು ಒಂದು ಕಡೆ ಪೊಲೀಸರೇ ಎಚ್ಚರಿಸುತ್ತಾರೆ, ಇನ್ನೊಂದು ಕಡೆ ಅಂಥ ಕಡತವನ್ನು ನೋಡಲಿಲ್ಲವೆಂದರೆ ತಪ್ಪು ನಮ್ಮದಾಗುತ್ತದೆ.

ಪೊಲೀಸರು ತನಿಖೆಗೆ ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸಾಪಿನಲ್ಲಿ ಕಳುಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆ ನೋಟಿಸನ್ನು ಪಾಲಿಸದಿದ್ದರೆ ಬಂಧನವಾಗಬಹುದು ಎಂಬುದೇ ಅದರ ಹಿಂದಿನ ಕಳವಳ. ನ್ಯಾಯಾಲಯದ ಸಮನ್ಸಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ, ಆದರೆ ಕಳವಳ ಅನ್ವಯಿಸುತ್ತದೆ. ಆದ್ದರಿಂದ ಮೊಬೈಲಿಗೆ ಕಳುಹಿಸಿದ ಸಮನ್ಸಿಗೆ ಉತ್ತರವಿಲ್ಲದಿದ್ದಾಗ, ವಾರಂಟಿಗೆ ಮೊದಲು ಒಬ್ಬ ಪೇದೆ ಕಾಗದ ಹಿಡಿದು ಮನೆಗೆ ಬರುವುದನ್ನು ರಾಜ್ಯದ ನಿಯಮಗಳು ಕಡ್ಡಾಯ ಮಾಡಲಿ. ಜೊತೆಗೆ ಪ್ರತಿ ಸಮನ್ಸಿನ ಮೇಲೂ ಸಿಎನ್‌ಆರ್ ಸಂಖ್ಯೆ, ಅಂದರೆ ಆ ಪ್ರಕರಣಕ್ಕೆ ಮಾತ್ರ ಸೇರಿದ ಹದಿನಾರು ಅಕ್ಷರ-ಅಂಕಿಗಳ ಗುರುತು, ದಪ್ಪ ಅಕ್ಷರದಲ್ಲಿರಲಿ. ಅದನ್ನು ನ್ಯಾಯಾಲಯಗಳ ಅಧಿಕೃತ ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿದರೆ ಪ್ರಕರಣ ನಿಜವೋ ಸುಳ್ಳೋ, ಮುಂದಿನ ದಿನಾಂಕ ಯಾವುದು ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.