ಅಮ್ಮನಿಗೂ ಒಂದು ಕಡಲು ಬೇಕು

ಕರಾವಳಿಯವರು ನಾವು, ಕಡಲಿಗೇನು ಬರ? ಆದರೂ ನಿಮ್ಮ ಅಮ್ಮ ಯಾವ ನೆಪವೂ ಇಲ್ಲದೆ, ಸುಮ್ಮನೆ, ಒಂದು ಸಂಜೆ ಪೂರ್ತಿ ಕಡಲ ಎದುರು ಕುಳಿತದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಿ. ನನ್ನ ತವರು ಕಾರ್ಕಳದ ಹತ್ತಿರ. ಪಡುಬಿದ್ರಿಯ ಕಡಲಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಷ್ಟು ಹತ್ತಿರದ ಕಡಲಿಗೆ ಅಮ್ಮ ಹೋದದ್ದು ಅಮಾವಾಸ್ಯೆಯ ತೀರ್ಥಸ್ನಾನಕ್ಕೆ, ಅಪ್ಪನ ಅಸ್ಥಿ ಬಿಡಲಿಕ್ಕೆ, ಮತ್ತೆ ನಾವು ಸಣ್ಣವರಿದ್ದಾಗ ರಜೆಯಲ್ಲಿ ನಮ್ಮನ್ನು ಕಾಯಲಿಕ್ಕೆ. ಮಕ್ಕಳನ್ನು ಕಾಯುವವರು ಕಡಲು ನೋಡುವುದಿಲ್ಲ. ನೀರಿನಲ್ಲಿರುವ ತಲೆಗಳನ್ನು ಎಣಿಸುತ್ತಿರುತ್ತಾರೆ.

ಈ ಸಲ ನವರಾತ್ರಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಅಮ್ಮನನ್ನು ಉಡುಪಿ ಹತ್ತಿರದ ಮಲ್ಪೆಯ ಕಡಲಿಗೆ ಕರೆದುಕೊಂಡು ಹೋದೆ. ನಾವಿಬ್ಬರೇ. ಹೊರಡುವ ಸುದ್ದಿ ಗೊತ್ತಾದ ಕೂಡಲೇ ನೆಂಟರ ಫೋನು ಶುರುವಾಯಿತು. "ಧರ್ಮಸ್ಥಳ, ಸುಬ್ರಹ್ಮಣ್ಯ ಮಾಡಿಸಿಕೊಂಡು ಬಾ ಮಾರಾಯ್ತಿ, ಈ ಪ್ರಾಯದಲ್ಲಿ ಅಮ್ಮನಿಗೆ ಬೀಚಿನಲ್ಲಿ ಎಂತ ಉಂಟು?" ಇದನ್ನು ಕೇಳಿದವರೆಲ್ಲ ಅಮ್ಮನ ಮೇಲೆ ಪ್ರೀತಿ ಇದ್ದವರೇ. ಆದರೆ ಆ ಮಾತಿನ ಹಿಂದಿನ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಗಂಡ ಹೆಂಡತಿಗೆ ರೆಸಾರ್ಟ್, ಮಕ್ಕಳಿಗೆ ವಾಟರ್ ಪಾರ್ಕ್, ಅಮ್ಮನಿಗೆ ಮಾತ್ರ ಕ್ಷೇತ್ರದರ್ಶನ ಎಂದು ಪಾಲು ಮಾಡಿದವರು ಯಾರು? ದೇವಸ್ಥಾನ ಬೇಡ ಎನ್ನುತ್ತಿಲ್ಲ. ಆದರೆ ಅಲ್ಲಿಯೂ ಅಮ್ಮ ದುಡಿಯುತ್ತಾರೆ. ಬೆಳಿಗ್ಗೆ ಬೇಗ ಏಳಬೇಕು, ಉಪವಾಸ ಇರಬೇಕು, ಸಾಲಿನಲ್ಲಿ ನಿಲ್ಲಬೇಕು. ಗರ್ಭಗುಡಿಯ ಮುಂದೆ ನಿಂತಾಗಲೂ ಮಗನ ಕೆಲಸ, ಮಗಳ ಹೆರಿಗೆ, ಮೊಮ್ಮಗುವಿನ ಜ್ವರ ಎಂದೇ ಬೇಡಿಕೊಳ್ಳುವುದು. ಕಡಲ ಎದುರು ಯಾರ ಪರವಾಗಿಯೂ ಏನನ್ನೂ ಬೇಡಬೇಕಾಗಿಲ್ಲ. ಅಮ್ಮ ತಾವಾಗಿಯೇ ಇಷ್ಟಪಟ್ಟು ಮಲ್ಪೆಯ ವಡಭಾಂಡೇಶ್ವರ ಬಲರಾಮನಿಗೆ ಕೈಮುಗಿದು ಬಂದರು. ಅದು ಅವರ ಆಯ್ಕೆ, ಅಷ್ಟು ಸಾಕಾಯಿತು.

ಅಮ್ಮಂದಿರನ್ನು ಕರೆದುಕೊಂಡು ಹೋಗುವವರಿಗೆ ನನ್ನದೊಂದು ಗಟ್ಟಿ ಸಲಹೆ: ಅಡುಗೆಮನೆ ಇರುವ ಹೋಂಸ್ಟೇ ಹಿಡಿಯಬೇಡಿ. ಗ್ಯಾಸು, ಪಾತ್ರೆ ಕಣ್ಣಿಗೆ ಬಿದ್ದರೆ ಮುಗಿಯಿತು, "ಒಂದು ಗಂಜಿ ಮಾಡಿದರೆ ಆಯ್ತಲ್ಲ" ಎಂದು ಎದ್ದೇಬಿಡುತ್ತಾರೆ. ನಾವು ಉಳಿದದ್ದು ಸಾಧಾರಣ ಲಾಡ್ಜಿನ ಕೆಳಗಿನ ಮಹಡಿಯಲ್ಲಿ. ಬೆಳಿಗ್ಗೆ ಹೋಟೆಲಿನ ನೀರುದೋಸೆ, ಮಧ್ಯಾಹ್ನ ಕಾಣೆ ಮೀನಿನ ಫ್ರೈ, ಸಂಜೆ ಗೋಳಿಬಜೆ. ಬೇರೆಯವರು ಬಡಿಸಿದ ಬಿಸಿ ದೋಸೆಯನ್ನು ಅಮ್ಮ ಕುಳಿತಲ್ಲೇ ತಿನ್ನುವುದು ನೋಡಿ ನನಗೆ ಗಂಟಲು ಕಟ್ಟಿತು. ಮನೆಯಲ್ಲಿ ಕೊನೆಯ ದೋಸೆ, ಅದೂ ಆರಿದ್ದು, ಯಾವಾಗಲೂ ಅವರದ್ದೇ.

ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಆದ್ದರಿಂದ ಮಾತಾಡುವಾಗಲೂ, ಟಿವಿ ನೋಡುವಾಗಲೂ ಬೆರಳು ನಿಲ್ಲುವಂತಿರಲಿಲ್ಲ. ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ದಿನವಂತೂ ಊಟವೂ ಅವಸರದಲ್ಲೇ. ಇಂಥ ಮನೆಗಳು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಊರೂರಿಗೂ ಉಂಟು. ಆ ದುಡ್ಡಿನಲ್ಲಿ ಶಾಲೆ ಕಲಿತ ನಾವು ಈಗ ಬೆಂಗಳೂರು, ಮುಂಬೈ, ಗಲ್ಫ್ ಎಂದು ಹಂಚಿಹೋಗಿದ್ದೇವೆ.

ಮೊದಲ ಸಂಜೆ ಕೋಡಿಬೆಂಗ್ರೆಗೆ ಹೋದೆವು. ನೋಡದವರಿಗಾಗಿ ಹೇಳುತ್ತೇನೆ: ಕೆಮ್ಮಣ್ಣು, ಹೂಡೆ ದಾಟಿ ಬಡಗು ದಿಕ್ಕಿಗೆ ಹೋಗುತ್ತಾ ಹೋದಂತೆ ನೆಲ ಸಪೂರವಾಗುತ್ತದೆ. ಒಂದು ಬದಿಯಲ್ಲಿ ಹೊಳೆ, ಇನ್ನೊಂದು ಬದಿಯಲ್ಲಿ ಕಡಲು, ನಡುವೆ ರಸ್ತೆ, ತೆಂಗು, ಮೀನುಗಾರರ ಮನೆಗಳು. ತುದಿಯಲ್ಲಿ ಸುವರ್ಣಾ, ಸೀತಾ ನದಿಗಳು ಸಮುದ್ರ ಸೇರುತ್ತವೆ. ಆಚೆ ದಡ ಹಂಗಾರಕಟ್ಟೆ. ಅಮ್ಮ ಮರಳಿನ ಮೇಲೆ ಕಾಲು ಚಾಚಿ ಕುಳಿತರು. ಬೆರಳುಗಳು ಸೀರೆಯ ಸೆರಗನ್ನು ಸುರುಳಿ ಸುತ್ತುತ್ತಲೇ ಇದ್ದವು. ಎಷ್ಟೋ ಹೊತ್ತಿನ ಮೇಲೆ ನೋಡುತ್ತೇನೆ, ಎರಡೂ ಕೈ ಮರಳಿನೊಳಗೆ ಹೂತುಕೊಂಡು ಸುಮ್ಮನಿವೆ. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದು ಮಾತಾಡಿಸಿದರು. ಬಂಗುಡೆಯ ರೇಟಿನಿಂದ ಶುರುವಾದ ಮಾತು ಸೊಸೆಯಂದಿರವರೆಗೆ ಹೋಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧವಲ್ಲವೇ, ಆ ಎರಡು ತಿಂಗಳು ಮನೆ ಸಾಗಿಸುವ ಕಷ್ಟವನ್ನು ಅವರು ಹೇಳುತ್ತಿದ್ದರೆ ಅಮ್ಮ ಬೀಡಿ ಎಲೆ ಸರಿ ಬಾರದ ವಾರಗಳ ಕಷ್ಟ ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಇಷ್ಟು ಮಾತಾಡುವ ಅಮ್ಮನನ್ನು ನೋಡಿ ಬಹಳ ಕಾಲವಾಗಿತ್ತು.

ಮರುದಿನ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ, ನೋಡಿಕೊಂಡು ಹೊರಡಿ. ಕಂಬ ಕಂಬವಾಗಿ ನಿಂತ ಆ ಕರಿಬಂಡೆಗಳನ್ನು ಕಂಡು ಅಮ್ಮ, "ಯಾರಾದರೂ ಕೆತ್ತಿ ನಿಲ್ಲಿಸಿದ್ದಾ?" ಎಂದು ಕೇಳಿದರು. ಲಾವಾ ಉಕ್ಕಿ ಬಂದು ತಣಿಯುವಾಗ ಕುಗ್ಗಿ, ಬಿರುಕು ಬಿಟ್ಟು ಹೀಗೆ ಐದು, ಆರು ಮೂಲೆಯ ಕಂಬಗಳಾದದ್ದು, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು ಎಂದೆ. ಅವರ ಪ್ರಶ್ನೆಗಳು ನಿಲ್ಲಲೇ ಇಲ್ಲ. ಮಡಗಾಸ್ಕರ್ ಈಗ ಎಲ್ಲಿ ಉಂಟು? ಯಾಕೆ ಬೇರೆಯಾಯಿತು? ಈಗಲೂ ನೆಲ ಸರಿಯುತ್ತದಾ? ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರಂತೆ, ಭೂಗೋಳ ಎಂದರೆ ಬಹಳ ಇಷ್ಟವಿತ್ತಂತೆ. ನನ್ನ ಇಷ್ಟು ವರ್ಷದ ಬದುಕಿನಲ್ಲಿ ಈ ಮಾತು ಮನೆಯೊಳಗೆ ಒಮ್ಮೆಯೂ ಬಂದದ್ದಿಲ್ಲ. ಅಮ್ಮನ ಜೊತೆ ಅಡುಗೆ, ಮಾತ್ರೆ, ಮದುವೆ ಮುಂಜಿ ಬಿಟ್ಟು ಬೇರೇನು ಮಾತಾಡುತ್ತೇವೆ ನಾವು? ಅವರ ಕುತೂಹಲಕ್ಕೆ ವಯಸ್ಸಾಗಿದೆ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಆ ದಿನ ಬೆಳಿಗ್ಗೆಯಿಂದ ಅಮ್ಮ ನೀರು ಕುಡಿದಿರಲಿಲ್ಲ. ಬೊಂಡ (ಎಳನೀರು) ಕೊಡಿಸಿದರೂ ಎರಡು ಗುಟುಕು, ಉಳಿದದ್ದು ನನಗೆ. ಗದರಿಸಿ ಕೇಳಿದ ಮೇಲೆ, "ಎಲ್ಲಿ ಹೋಗುವುದು ಮತ್ತೆ?" ಎಂದರು. ಇದು ನನ್ನ ಅಮ್ಮ ಒಬ್ಬರದ್ದಲ್ಲ. ನಮ್ಮ ತಾಯಂದಿರು ಪ್ರಯಾಣ ಎಂದರೆ ಬಾಯಾರಿಕೊಂಡೇ ಇರುತ್ತಾರೆ, ಶೌಚಾಲಯದ ಹೆದರಿಕೆಯಿಂದ. ಸಕ್ಕರೆ ಕಾಯಿಲೆ ಇದ್ದವರು, ಬಿಸಿಲಿನಲ್ಲಿ ನಡೆದವರು ಹೀಗೆ ಇದ್ದರೆ ಗತಿ ಏನು? ಆಮೇಲೆ ನಾವು ಹೋದ ಒಂದು ತೀರದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಒದ್ದೆ ಸೀರೆ ಬದಲಿಸಲು ಮರೆ ಇಲ್ಲ. ಮರಳಿನಿಂದ ಏಳಲಾರದ ಮೊಣಕಾಲಿನವರಿಗೆ ಒರಗುವ ಒಂದು ಬೆಂಚಿಲ್ಲ. ಸೆಲ್ಫಿಗೆ ಬಣ್ಣ ಬಣ್ಣದ ದೊಡ್ಡ ಅಕ್ಷರಗಳು ಮಾತ್ರ ನಿಂತಿವೆ.

ಆಗುವುದಿಲ್ಲ ಎನ್ನಬೇಡಿ. ಪಡುಬಿದ್ರಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಹೊನ್ನಾವರದ ಕಾಸರಕೋಡಿನ ಜೊತೆಗೆ. ಅದಕ್ಕೆ 33 ಮಾನದಂಡಗಳಿವೆ: ನೀರಿನ ಪರೀಕ್ಷೆ, ಜೀವರಕ್ಷಕರು, ಶುಚಿಯಾದ ಶೌಚಾಲಯ, ಅಂಗವಿಕಲರಿಗೆ ದಾರಿ. ಕೊನೆಯ ದಿನ ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಪ್ರವೇಶಕ್ಕೆ ದುಡ್ಡು ಕೊಡಬೇಕು ಎಂದು ಕೆಲವರಿಗೆ ಅಸಮಾಧಾನವಿದೆ, ನನಗಿಲ್ಲ. ಅಮ್ಮ ಅಂದು ಇಡೀ ಬೊಂಡ ಕುಡಿದರು. ಸೀರೆ ಬಿಚ್ಚಿಟ್ಟು ನನ್ನ ಚೂಡಿದಾರ ಹಾಕಿಕೊಂಡು ನೀರಿಗಿಳಿದರು. (ದಯವಿಟ್ಟು ಸೀರೆಯಲ್ಲಿ ಅಮ್ಮಂದಿರನ್ನು ಅಲೆಗೆ ಇಳಿಸಬೇಡಿ. ಒದ್ದೆಯಾದ ಆರು ಗಜ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಎಳೆಯರೂ ಸೆಳೆತದಲ್ಲಿ ನಿಲ್ಲಲಾರರು. ಜೀವರಕ್ಷಕರ ಸೀಟಿ ಕೇಳುವಷ್ಟು ಹತ್ತಿರದಲ್ಲೇ ಇರಿ.) ಮೊಣಕಾಲಿನವರೆಗೆ ನೀರು, ನನ್ನ ಕೈ ಗಟ್ಟಿ ಹಿಡಿದಿದ್ದರು. ಪ್ರತಿ ಅಲೆಗೂ "ಅಯ್ಯೋ ದೇವರೇ" ಎಂದು ಕೂಗಿ ನಗುತ್ತಿದ್ದರು.

ಪ್ರವಾಸೋದ್ಯಮದ ಸಭೆಗಳಲ್ಲಿ ಹೊಸ ಜಲಕ್ರೀಡೆ, ತೇಲುವ ಸೇತುವೆ ಎಂದೆಲ್ಲ ಚರ್ಚೆಯಾಗುತ್ತದೆ. ಬರಲಿ, ಬೇಡ ಎನ್ನುವುದಿಲ್ಲ. ಅದಕ್ಕೆ ಮೊದಲು ಬೀಗ ತೆರೆದಿರುವ ಶೌಚಾಲಯ, ಅದರೊಳಗೆ ಹಿಡಿದು ಏಳಲು ಒಂದು ಸರಳು, ನೆರಳಿನಲ್ಲಿ ಬೆನ್ನು ಒರಗಿಸುವ ಬೆಂಚು, ದೋಣಿ ಹತ್ತಲು ಗಟ್ಟಿಯಾದ ಮೆಟ್ಟಿಲು ಕೊಡಿ. ಎಲ್ಲ ಬೀಚುಗಳಲ್ಲೂ ಕೊಡಿ, ಬಾವುಟ ಹಾರುವಲ್ಲಿ ಮಾತ್ರ ಅಲ್ಲ.

ಅಮ್ಮ ಮನೆಗೆ ಮರಳಿದ ಮೇಲೆ ಜೊತೆಗೆ ಬೀಡಿ ಕಟ್ಟುವವರಿಗೆಲ್ಲ ಮಡಗಾಸ್ಕರಿನ ಕಥೆ ಹೇಳಿದ್ದಾರೆ. ಈಗ ಅವರೆಲ್ಲ ಸೇರಿ ತಿಂಗಳು ತಿಂಗಳು ಸ್ವಲ್ಪ ದುಡ್ಡು ಒಟ್ಟು ಮಾಡುತ್ತಿದ್ದಾರೆ, ಕೊಡಿಯಾಲಕ್ಕೆ (ಮಂಗಳೂರಿಗೆ) ಹೋಗಿ ತಣ್ಣೀರುಬಾವಿ ಬೀಚು ನೋಡಬೇಕಂತೆ. ಗುರುಪುರ ಹೊಳೆಯನ್ನು ದೋಣಿಯಲ್ಲಿ ದಾಟಿಯೇ ಹೋಗಬೇಕೆಂದು ಅಮ್ಮನ ಹಟ. ಮೊನ್ನೆ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಅಲ್ಲಿ ಹೆಂಗಸರಿಗೆ ಹೋಗ್ಲಿಕ್ಕೆ ವ್ಯವಸ್ಥೆ ಉಂಟಾ? ಸರಿಯಾಗಿ ವಿಚಾರಿಸಿ ಹೇಳು." ಇತ್ತೀಚೆಗೆ ಅಲ್ಲಿಗೆ ಹೋಗಿ ಬಂದವರು ಇದ್ದರೆ ತಿಳಿಸಿ, ಅಮ್ಮನಿಗೆ ಹೇಳಬೇಕು.