ಸುವಾರ್ತೆಗೆ ಅಷ್ಟು ದೊಡ್ಡ ಮೈಕು ಬೇಕೇ?

ಲಂಡನ್ನಿನ ಚರ್ಚುಗಳಲ್ಲಿ ಕಣ್ಣಿಗೆ ಚುಚ್ಚುವ ಸಂಗತಿಯೊಂದಿದೆ. ಸತ್ಯವೇದವನ್ನು, ಅಂದರೆ ಬೈಬಲನ್ನು, ಕುರ್ಚಿಯ ಪಕ್ಕ ನೆಲಕ್ಕಿಟ್ಟು, ಅದರ ಮೇಲೆಯೇ ಕಾಫಿ ಕಪ್ಪು ಇಡುತ್ತಾರೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ಮುಸ್ಲಿಂ ಅತಿಥಿಯೊಬ್ಬರು ಇದನ್ನು ಕಂಡರೆ ಆ ದಿನದ ಮಾತು ಅಲ್ಲಿಗೇ ಮುಗಿದಂತೆ. ಹಾಗಿದ್ದರೂ ಬೇರೆ ಬೇರೆ ಹಿನ್ನೆಲೆಯವರನ್ನು ಕೂರಿಸಿಕೊಂಡು ನಂಬಿಕೆಯ ಮಾತಾಡುವ ಬಗೆಯನ್ನು ನಮ್ಮೂರ ಕ್ರೈಸ್ತ ಸಭೆಗಳು ಇವರಿಂದ ಕಲಿಯಲೇಬೇಕು.

ಆಲ್ಫಾ ಕೋರ್ಸನ್ನೇ ನೋಡಿ. 1977ರಲ್ಲಿ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ ಹೊಸ ವಿಶ್ವಾಸಿಗಳಿಗೆಂದು ಶುರುವಾದದ್ದು, 1990ರಲ್ಲಿ ಅಲ್ಲಿನ ಪಾದ್ರಿ ನಿಕಿ ಗಂಬಲ್ ವಹಿಸಿಕೊಂಡ ಮೇಲೆ ಚರ್ಚಿನ ಹೊರಗಿನವರತ್ತ ತಿರುಗಿತು. ವಾರಕ್ಕೊಂದು ಸಂಜೆಯಂತೆ ಸುಮಾರು ಹತ್ತು ವಾರ. ಮೊದಲು ಊಟ, ಆಮೇಲೆ ಅರ್ಧ ಗಂಟೆಯ ಉಪನ್ಯಾಸ, ಕೊನೆಗೆ ಚಿಕ್ಕ ಗುಂಪಿನಲ್ಲಿ ಚರ್ಚೆ. ಕ್ರೈಸ್ತ ನಂಬಿಕೆಯ ಕುರಿತ ಮಾತುಕತೆ ಎಂಬುದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಗುಂಪು ನಡೆಸುವವರು ಮುಖ್ಯವಾಗಿ ಕಲಿಯಬೇಕಾದದ್ದು ಬಾಯಿ ಹಿಡಿದುಕೊಳ್ಳುವುದನ್ನು. "ಯೇಸು ಒಬ್ಬನೇ ದಾರಿ ಅಂದರೆ ನಾನೊಪ್ಪಲ್ಲ" ಎಂದು ಅತಿಥಿ ಹೇಳಿದರೆ ಕೂಡಲೇ ಬೈಬಲ್ ವಾಕ್ಯ ಓದಿ ತಿದ್ದುವಂತಿಲ್ಲ. "ಉಳಿದವರಿಗೆ ಏನನಿಸುತ್ತೆ?" ಎಂದು ಕೇಳಿ ಸುಮ್ಮನಾಗಬೇಕು.

ಇದು ಕೆಡುವುದೂ ಉಂಟು. ಎಂಟು ಜನರ ಮೇಜಿನಲ್ಲಿ ಐವರು ಸಭೆಯವರೇ ಆದರೆ ಹೊಸಬರು ಬಾಯಿ ಬಿಡುವುದಿಲ್ಲ. ಸಭೆಯವರು ಇಬ್ಬರೋ ಮೂವರೋ ಸಾಕು. ಇನ್ನು ಅಡುಗೆಮನೆ. ಹುಡುಕಿ ಹಲಾಲ್ ಕೋಳಿ ತಂದು ಕೊನೆಗೆ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್ ಹಾಕಿದ ಸಿಹಿ ಬಡಿಸಿದರೆ ಏನು ಬಂತು? ಗುಜರಾತಿನ ಜೈನರಿಗೆ ಮೊಟ್ಟೆಯ ಕೇಕೂ ಆಗದು. ಪ್ರತಿ ಪಾತ್ರೆಗೂ ಬೇರೆ ಸೌಟು, ಮುಂದೆ ಏನೇನು ಹಾಕಿದೆ ಎಂಬ ಚೀಟಿ ಇರಬೇಕು. ಎಲ್ಲರಿಗೂ ಅನ್ನ, ತೊವ್ವೆ, ಪಲ್ಯ ಮಾಡಿಬಿಟ್ಟರೆ ಅರ್ಧ ತಲೆನೋವು ತಪ್ಪುತ್ತದೆ.

ನಮ್ಮಲ್ಲೋ? ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಸಾರುವುದೆಂದರೆ ಮೈದಾನ, ಶಾಮಿಯಾನ, ಊರಿಗೆಲ್ಲ ಕೇಳುವ ಮೈಕು, ಎರಡು ಗಂಟೆಯ ಪ್ರಸಂಗ, ಕೊನೆಗೆ "ಯೇಸುವನ್ನು ನಂಬುವವರು ಕೈ ಎತ್ತಿ". ಮನಸ್ಸಿನಲ್ಲಿ ಪ್ರಶ್ನೆಯಿದ್ದವರು ಯಾರನ್ನು ಕೇಳಬೇಕು? ಎತ್ತಿದ ಕೈ ಯಾರದೆಂದು ಮರುವಾರ ಯಾರಿಗೂ ನೆನಪಿರುವುದಿಲ್ಲ. ಪಕ್ಕದ ಮನೆಗೆ ಕ್ರಿಸ್ಮಸ್ಸಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಹೋಗುತ್ತದೆ, ಮಾತು ಹೋಗುವುದಿಲ್ಲ. ಆ ಮನೆಯವರಿಗೆ ನಮ್ಮ ನಂಬಿಕೆ ಕೇಳಿಸುವುದು ಮೈಕಿನಲ್ಲಿ ಮಾತ್ರ. ಅನುಮಾನ ಬೆಳೆಯದೆ ಇನ್ನೇನಾದೀತು!

ಆದರೆ ಭಾಷೆಯ ವಿಷಯದಲ್ಲಿ ಹಳೆಯ ಮಂಗಳೂರೇ ಮುಂದಿತ್ತೆಂದು ಒಪ್ಪಬೇಕು. 1834ರಲ್ಲಿ ಬಂದಿಳಿದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು ಕೂತು ಕನ್ನಡ ಕಲಿತರು. 1843ರಲ್ಲಿ ಅವರ ಪೈಕಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದರು, ಅದೇ ಮಿಶನ್ನಿನ ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾಯಿತು. ಇಲ್ಲಿ ಲಂಡನ್ನಿನಲ್ಲಿ ತಮಿಳರಾಗಲಿ ಇರಾನಿನವರಾಗಲಿ, ಬಹುಪಾಲು ಮೇಜುಗಳಲ್ಲಿ ತಮ್ಮ ಸಂಶಯವನ್ನೂ ಇಂಗ್ಲಿಷಿನಲ್ಲೇ ಹೇಳಬೇಕು. ಇನ್ನೊಂದು ಮಾತು. ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರು ಯಾವ ಮತದವರಾದರೂ ಸಭೆಯ ಹೆಂಗಸರು ಹೇಳಿ ಕಳಿಸದೆಯೇ ಗಂಜಿ ತಂದು ಪಕ್ಕದಲ್ಲಿ ಕೂರುತ್ತಾರೆ. ಇಲ್ಲಿ ಕೋರ್ಸು ಮುಗಿದ ಮೇಲೆ ಅದೇ ಮೇಜಿನವರು ಒಂದು ಫೋನು ಮಾಡುವುದೂ ಅಪರೂಪ.