ಗ್ಯಾರಂಟಿ ಒರಿಜಿನಲ್ ನಕಲು

ಹೋದ ವಾರ ನಮ್ಮ ಮನೆಗೊಂದು ಬಾಟಿಕ್ ನೈಟಿ ಬಂತು. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ‘ಒರಿಜಿನಲ್’. ಮೊದಲ ಒಗೆತಕ್ಕೇ ನನ್ನ ಎರಡು ಬಿಳಿ ಬನಿಯನ್ ನೇರಳೆಯಾದವು. ಹೆಂಡತಿ ನಕ್ಕಳು. ನನಗೆ ಡಚ್ಚರ ನೆನಪಾಯಿತು.

ನೆದರ್‌ಲ್ಯಾಂಡ್ಸಿನ ಹೆಲ್ಮಂಡ್ ಊರಿನ ವ್ಲಿಸ್ಕೊ ಅನ್ನೋ ಬಟ್ಟೆ ಕಂಪನಿಯ ಗೋಳು ನೀವೂ ಓದಿರುತ್ತೀರಿ. ಚೀನಾದವರು ಅವರ ಡಿಸೈನ್ ಕದ್ದು ಆಫ್ರಿಕಾದಲ್ಲಿ ಅಗ್ಗಕ್ಕೆ ಮಾರುತ್ತಿದ್ದಾರಂತೆ. ಪಾಪ, ಕರುಳು ಚುರ್ ಅನ್ನಲ್ವಾ? 1846ರಲ್ಲಿ ಶುರುವಾದ ಕಂಪನಿ. ಅದು ಹೆಸರು ಮಾಡಿದ್ದು ಯಾವ ಕಸುಬಿನಲ್ಲಿ? ಇಂಡೋನೇಷ್ಯಾದ ಜಾವಾ ದ್ವೀಪದ ಹೆಂಗಸರು ಬಟ್ಟೆ ಮೇಲೆ ಮೇಣದಲ್ಲಿ ಬರೆದು, ಬಣ್ಣದಲ್ಲಿ ಅದ್ದಿ ಕೈಯಲ್ಲಿ ಮಾಡುತ್ತಿದ್ದ ಬಾಟಿಕ್ಕನ್ನು ಮೆಷಿನ್‌ನಲ್ಲಿ ನಕಲು ಹೊಡೆಯೋದರಲ್ಲಿ! ಜಾವಾ ಆಗ ಡಚ್ಚರ ವಸಾಹತು. ಆ ಕಾಲದ ಡಚ್ ಗಿರಣಿಗಳ ಲೆಕ್ಕಾಚಾರವೇ ಅದು: ಜಾವಾದವರ ಬಟ್ಟೆಯನ್ನು ಜಾವಾದವರಿಗೇ ಅಗ್ಗಕ್ಕೆ ಮಾರೋದು.

ಆದರೆ ಮೆಷಿನ್ ಬಟ್ಟೆಗೊಂದು ರೋಗ. ಮೇಣದ ಬದಲು ಹಚ್ಚಿದ ರಾಳ ಒಡೆದು, ಬಣ್ಣ ಒಳಗೆ ನುಗ್ಗಿ, ಮೈತುಂಬ ಜೇಡರಬಲೆಯಂಥ ಬಿರುಕು. ಜಾವಾದಲ್ಲಿ ಅದು ಕೆಟ್ಟ ಕೆಲಸ, ಯಾರೂ ಮೂಸಲಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಅದೇ ಬಿರುಕು ಚಂದ ಅನ್ನಿಸಿತು. ತಳ ಹಿಡಿದ ಅನ್ನ ಪಕ್ಕದೂರಲ್ಲಿ ಸ್ಪೆಷಲ್ ಊಟ! ಬಟ್ಟೆಯಂಚಿನಲ್ಲಿ ಅಚ್ಚು ಬಿತ್ತು: ‘ಗ್ಯಾರಂಟೀಡ್ ಡಚ್ ವ್ಯಾಕ್ಸ್’, ಅಂದರೆ ಗ್ಯಾರಂಟಿ ಡಚ್ ಮೇಣದ ಬಟ್ಟೆ. ಜಾವಾದ ಸುದ್ದಿಯೇ ಇಲ್ಲ. ಈಗ ಇವರೇ ಬೀದಿಗೆ ಬಂದು ‘ಕಳ್ಳ, ಕಳ್ಳ’ ಅಂತ ಕೂಗುತ್ತಿದ್ದಾರೆ.

ಇರಲಿ, ಮಾಡಿದ ಉಪಕಾರ ಮರೆಯಬಾರದು. ಜಾವಾದ ಉತ್ತರ ಕರಾವಳಿಯಲ್ಲಿ ಯುರೋಪಿನ ರಕ್ತ ಬೆರೆತ ಮೇಡಂಗಳು ಬಾಟಿಕ್ ಕಾರ್ಖಾನೆ ಇಟ್ಟರು. ಅದು ‘ಬಾಟಿಕ್ ಬೆಲಾಂಡ’, ಅಂದರೆ ಡಚ್ ಬಾಟಿಕ್. ಅದರ ಜೊತೆ ಬುಕೆ, ಅಂದರೆ ಹೂಗುಚ್ಛದ ಚಿತ್ತಾರ, ಬಂತು, ಅಲ್ಲಿನವರ ಬಾಯಲ್ಲಿ ‘ಬುಕೆತಾನ್’ ಆಯಿತು. ಯುರೋಪಿನ ಮಕ್ಕಳ ಕಥೆಯ ಕೆಂಪು ಟೋಪಿಯ ಹುಡುಗಿಯೂ ಬಂದಳು, ಅವಳ ಹಿಂದೆ ತೋಳವೂ ಬಂತು. ಸುಮ್ನೆ ಕಣ್ಣ ಮುಂದೆ ತಂದುಕೊಳ್ಳಿ. ಗಿಡ್ಡ ಸ್ಟೂಲಿನ ಮೇಲೆ ಒಬ್ಬ ಹೆಂಗಸು, ಮುಂದೆ ಕಾದ ಮೇಣದ ಬಾಣಲೆ. ಕೈಯಲ್ಲಿ ಚಾಂತಿಂಗ್, ತಾಮ್ರದ ಪುಟ್ಟ ಮೂತಿಯ ಲೇಖನಿ. ಮೂತಿ ಕಟ್ಟಿದರೆ ಉಫ್ ಅಂತ ಊದಬೇಕು. ಬೇಡದ ಕಡೆ ಒಂದು ಹನಿ ಬಿದ್ದರೆ ತೆಗೆಯೋದು ಕಷ್ಟ. ಮೈಯೆಲ್ಲ ಬೆವರಿಳಿಯೋ ಸೆಕೆಯಲ್ಲಿ ಕೂತು ಅವಳು ಬರೆಯುತ್ತಿರೋದು ಯುರೋಪಿನ ಕಾಡಿನ ತೋಳವನ್ನ!

ಪೆಕಲೋಂಗಾನ್‌ನ ಎಲಿಜಾ ವಾನ್ ಜುಯ್ಲೆನ್ ಮೇಡಂ ಕಾರ್ಖಾನೆಯ ಹೂಗುಚ್ಛಗಳಿಗೆ ಇನ್ನೂ ಜಾಸ್ತಿ ಹೆಸರು. ತಿಂಗಳುಗಟ್ಟಲೆ ಗೇಯ್ದು ಮುಗಿದ ಬಟ್ಟೆಯ ಮೂಲೆಯಲ್ಲೊಂದು ಸಹಿ. ಮೇಡಂದು.

ಇಲ್ಲಿ ನನಗೆ ನಗು ಬರಲ್ಲ. ಇವತ್ತಿಗೂ ಆ ಸಹಿ ನೋಡಿಯೇ ಬಟ್ಟೆಗೆ ಬೆಲೆ, ಆ ಸಹಿಗೇ ಮ್ಯೂಸಿಯಂನ ಗಾಜಿನ ಪೆಟ್ಟಿಗೆ. ಮೇಣದಲ್ಲಿ ಬೆರಳು ಸುಟ್ಟುಕೊಂಡವಳ ಹೆಸರು ಬಟ್ಟೆ ಮೇಲೆ ಎಲ್ಲೂ ಇಲ್ಲ. 2009ರಲ್ಲಿ ಯುನೆಸ್ಕೊ ಬಾಟಿಕ್ಕನ್ನು ಇಂಡೋನೇಷ್ಯಾದ ಹೆಸರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೇದು. ದೇಶಕ್ಕೆ ಹೆಸರು ಬಂತು. ಅವಳಿಗೆ?

ನೈಟಿ ವಿಷಯ ಮರೆತೆ. ಮೂರನೇ ಒಗೆತಕ್ಕೆ ಅದರ ಬಿರುಕೆಲ್ಲ ಮಾಯ. ಮೇಣವೇ ಸೋಕದ ಬಟ್ಟೆ ಮೇಲೆ ಮೇಣದ ಬಿರುಕನ್ನೂ ಪ್ರಿಂಟ್ ಹೊಡೆದಿದ್ದರು. ಬನಿಯನ್ ಮಾತ್ರ ಇನ್ನೂ ನೇರಳೆ.